ನೋಡಲು ಸೈಕಲ್, ಗುದ್ದಿದರೆ ಬೈಕ್: ನಾಗರಬಾವಿಯಲ್ಲೊಂದು ಸುತ್ತು

ನಾಗರಬಾವಿ ವೃತ್ತದಲ್ಲಿ ಬೆಳಿಗ್ಗೆ ಆರೂವರೆಗೆ ನಿಂತರೆ ಎರಡು ಊರು ಒಟ್ಟಿಗೇ ಕಾಣುತ್ತವೆ. ಹೊರವರ್ತುಲ ರಸ್ತೆಯ ಮೇಲೆ ನಾಯಂಡಹಳ್ಳಿಗೂ ಸುಮನಹಳ್ಳಿಗೂ ನಡುವೆ ಓಡುವ ಲಾರಿ, ಕಂಪನಿ ಬಸ್ಸು, ನೀರಿನ ಟ್ಯಾಂಕರ್. ಪಕ್ಕದ ಸರ್ವೀಸ್ ರಸ್ತೆಯಲ್ಲಿ ಹಾಲಿನ ಕ್ರೇಟು, ಸೊಪ್ಪಿನ ಗಾಡಿ, ಕಸದ ಆಟೊ, ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೊರಟ ಹಿರಿಯರು, ಟ್ಯೂಷನ್ನಿಗೆ ಓಡುವ ಪಿಯು ಮಕ್ಕಳು. ಒಂದರ ವೇಗ ಇನ್ನೊಂದಕ್ಕಿಲ್ಲ, ಒಂದರ ಗೊಡವೆಯೂ ಇನ್ನೊಂದಕ್ಕಿರಲಿಲ್ಲ.

ಈ ಎರಡರ ನಡುವೆ ಈಗ ಮೂರನೆಯದೊಂದು ನುಸುಳಿದೆ. ನೋಡಲು ಸೈಕಲ್ಲೇ. ಪೆಡಲ್ ಇದೆ, ಚೈನ್ ಇದೆ, ನಂಬರ್ ಪ್ಲೇಟ್ ಇಲ್ಲ. ಆದರೆ ಸವಾರನ ಕಾಲು ಆಡುತ್ತಿಲ್ಲ, ಸದ್ದೂ ಇಲ್ಲ, ಪಕ್ಕದ ಸ್ಕೂಟರನ್ನು ಆರಾಮಾಗಿ ಹಿಂದೆ ಹಾಕಿ ಹೋಗುತ್ತಿದೆ. ಊರಲ್ಲಿ ಓಡಾಡುವ ಬಾಡಿಗೆಯ ಯುಲು ಗಾಡಿಗಳಾಗಲಿ, ಷೋರೂಮಿನಿಂದ ಬಂದ ಬ್ಯಾಟರಿ ಸೈಕಲ್ ಆಗಲಿ 25 ಕಿ.ಮೀ. ವೇಗಕ್ಕೆ ತಾವೇ ಕೈಚೆಲ್ಲುತ್ತವೆ. ಇದು ಹಾಗಲ್ಲ. ಇದರ ಮೋಟಾರು ಬೇರೆ, ಬ್ಯಾಟರಿ ಬೇರೆ, ಮೀಟರಿನಲ್ಲಿ 45, 50 ಕಾಣಿಸುವುದೂ ಉಂಟು. ಈ ಜಾತಿಯ ಸೈಕಲ್ ಓಡುವ ರಸ್ತೆಗಳನ್ನು ನಡೆದೇ ನೋಡೋಣವೆಂದು ವೃತ್ತದಿಂದ ಹೊರಟೆ.

ಹಣವಂತರ ಶೋಕಿ ಎಂದು ಇದನ್ನು ತಳ್ಳಿಹಾಕುವಂತಿಲ್ಲ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ತುಂಬಲು ಮೂರನೇ ಒಂದು ಯೂನಿಟ್‌ಗಿಂತ ತುಸು ಹೆಚ್ಚು ಕರೆಂಟು ಸಾಕು. ಅಷ್ಟರಲ್ಲಿ ಇಲ್ಲಿಂದ ಪೀಣ್ಯಕ್ಕೆ ಹೋಗಿ ಬರಬಹುದು. ಪೆಟ್ರೋಲ್ ಇಲ್ಲ, ಪಾರ್ಕಿಂಗ್ ತಲೆನೋವಿಲ್ಲ, ಏರಿನಲ್ಲಿ ಏದುಸಿರಿಲ್ಲ. ಒಮ್ಮೆ ಈ ರುಚಿ ಹತ್ತಿದವನಿಗೆ 25ರ ಮಿತಿ ಕಿರಿಕಿರಿಯೆನಿಸುವುದು ಸಹಜ. ಅಲ್ಲಿಂದಲೇ ತಾಪತ್ರಯ ಶುರು.

ಹಾಲಿನ ಬೂತಿನ ಲೆಕ್ಕ

ಸರ್ವೀಸ್ ರಸ್ತೆ ಹಿಡಿದು ಸ್ವಲ್ಪ ನಡೆದರೆ ಈ ಕಡೆ ದರ್ಶಿನಿ, ಆ ಕಡೆ ಹಾಲಿನ ಬೂತು. ಹಾಲು ತರಲು ದಾಟುವ ಅಜ್ಜಿಯೊಬ್ಬರನ್ನು ಗಮನಿಸಿದೆ. ಬಲಕ್ಕೆ ನೋಡುತ್ತಾರೆ. ಕಾರು ಬಂದರೆ ನಿಲ್ಲುತ್ತಾರೆ, ಸ್ಕೂಟರ್ ಬಂದರೆ ಅನುಮಾನಿಸುತ್ತಾರೆ, ಸೈಕಲ್ ಬಂದರೆ ರಸ್ತೆಗೆ ಇಳಿದೇ ಬಿಡುತ್ತಾರೆ. ಅರವತ್ತು ವರ್ಷ ರಸ್ತೆ ದಾಟಿ ಕಲಿತ ಅಂದಾಜು ಅದು, ತಪ್ಪೇನಲ್ಲ.

ಲೆಕ್ಕ ಹಾಕೋಣ. ರಸ್ತೆ ಏಳು ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಮೀಟರ್ ನಡೆಯುವ ಹಿರಿಯರಿಗೆ ದಾಟಲು ಏಳು ಸೆಕೆಂಡು ಬೇಕು. 30 ಮೀಟರ್ ದೂರದಲ್ಲಿ ಬರುವ ಸಾಮಾನ್ಯ ಸೈಕಲ್ಲು 15 ಕಿ.ಮೀ. ವೇಗದಲ್ಲಿ ಅವರಿದ್ದಲ್ಲಿಗೆ ತಲುಪಲು ಏಳು ಸೆಕೆಂಡು ದಾಟುತ್ತದೆ. ಅಷ್ಟರಲ್ಲಿ ಅಜ್ಜಿ ಬೂತಿನ ಮುಂದಿರುತ್ತಾರೆ. ಅದೇ ದೂರದಲ್ಲಿ, ಅದೇ ರೂಪದ ಇನ್ನೊಂದು ಸೈಕಲ್ಲು 50ರಲ್ಲಿ ಬಂದರೆ ತಲುಪುವುದು ಎರಡೇ ಸೆಕೆಂಡಿಗೆ. ಅಜ್ಜಿ ಆಗ ರಸ್ತೆಯೊಳಕ್ಕೆ ಎರಡು ಮೀಟರ್ ಬಂದಿರುತ್ತಾರೆ, ಸರಿಯಾಗಿ ಅದರ ದಾರಿಗೆ.

ಅತಿ ವೇಗದ ಬ್ಯಾಟರಿ ಸೈಕಲ್ಲಿನ ಮುಖ್ಯ ಅಪಾಯ ಇಲ್ಲಿದೆ. ವೇಗ ಅಪಾಯವೇ, ಒಪ್ಪೋಣ. ಆದರೆ ಬೈಕು ಬರುವಾಗ ಬೀದಿಯವರಿಗೆ ಬೈಕೆಂದು ಗೊತ್ತಿರುತ್ತದೆ. ಇದು ಕಣ್ಣಿಗೆ ಸೈಕಲ್, ಮೈಗೆ ತಾಗುವಾಗ ಬೈಕು. ಯೂಟರ್ನ್ ಹೊಡೆಯುವ ಆಟೊದವನು, ಕಾರಿನ ಬಾಗಿಲು ತೆಗೆಯುವವನು, ಎರಡು ಮನೆಯಾಚೆಗಷ್ಟೇ ಅಲ್ಲವೇ ಎಂದು ರಾಂಗ್ ಸೈಡಿನಲ್ಲಿ ನುಗ್ಗುವ ಸ್ಕೂಟರಿನಾಕೆ, ಎಲ್ಲರೂ ಮಾಡುವ ಅಂದಾಜು ಇದೇ. ‘ಸೈಕಲ್ ತಾನೇ, ಟೈಮಿದೆ.’ ಸವಾರ ಎಷ್ಟೇ ಚುರುಕಾಗಿದ್ದರೂ ಇನ್ನೊಬ್ಬರ ತಲೆಯೊಳಗಿನ ಈ ಅಂದಾಜು ಅವನ ಹಿಡಿತದಲ್ಲಿಲ್ಲ.

‘ಎಷ್ಟು ಓಡುತ್ತೆ ಅಂಕಲ್?’

ನಾಗರಬಾವಿ ಎರಡನೇ ಹಂತದ ಕಡೆಗೆ ತಿರುಗುವ ಅಡ್ಡರಸ್ತೆಯಲ್ಲಿ ಒಂದು ಸೈಕಲ್ ಅಂಗಡಿ. ಮಾಲೀಕರು ಪಂಕ್ಚರಿನ ಕಾಲದಿಂದ ಬಂದವರು. ಈಗ ಕಿಟ್ ಕೂರಿಸುವ ಕೆಲಸವೂ ಬರುತ್ತದೆ. ಹಿಂದಿನ ಚಕ್ರದ ನಡುವೆ ಕೂರುವ ಹಬ್ ಮೋಟಾರು, ಕಂಟ್ರೋಲರ್ ಡಬ್ಬಿ, ಹ್ಯಾಂಡಲ್ಲಿಗೊಂದು ಆಕ್ಸಿಲರೇಟರ್, ಬ್ರೇಕ್ ಹಿಡಿದೊಡನೆ ಮೋಟಾರು ನಿಲ್ಲಿಸುವ ಕಟ್‌ಆಫ್ ಲಿವರ್ ಎರಡು. ಇಷ್ಟು ಸೇರಿದರೆ ಕಿಟ್. ಬ್ಯಾಟರಿಯ ಬಿಡಿ ಸೆಲ್ಲುಗಳನ್ನು ಎಸ್.ಪಿ. ರಸ್ತೆಯಿಂದ ತಂದು ತಾವೇ ಕಟ್ಟುವ ಹುಡುಗರೂ ಇದ್ದಾರೆ.

“ಹುಡುಗ್ರು ಬಂದು ಮೊದ್ಲು ಕೇಳೋದೇ ‘ಎಷ್ಟು ಓಡುತ್ತೆ ಅಂಕಲ್’ ಅಂತ. ಎಷ್ಟರಲ್ಲಿ ನಿಲ್ಲುತ್ತೆ ಅಂತ ಕೇಳಿದವ್ರನ್ನ ನಾನು ನೋಡಿಲ್ಲ ಸಾರ್,” ಎಂದರು.

ವೇಗ ಹೆಚ್ಚಿಸುವುದು ಕಷ್ಟದ ವಿದ್ಯೆಯೇನಲ್ಲ. ಇಂಥ ಮೋಟಾರು ಎಷ್ಟು ಸುತ್ತು ತಿರುಗುತ್ತದೆ ಎಂಬುದು ಅದಕ್ಕೆ ಕೊಡುವ ವೋಲ್ಟೇಜನ್ನು ಅವಲಂಬಿಸಿದೆ. 36ರ ಜಾಗಕ್ಕೆ 48 ವೋಲ್ಟಿನ ಬ್ಯಾಟರಿ ಬಂದರೆ ಅದೇ ಮೋಟಾರಿನ ಓಟ ಸುಮಾರು ಮೂರನೇ ಒಂದು ಪಾಲು ಏರುತ್ತದೆ. ಕೆಲವು ಕಂಟ್ರೋಲರುಗಳಲ್ಲಿ ವೇಗ ಮಿತಿಗೆಂದೇ ಒಂದು ಜೋಡಿ ವೈರು ಇರುತ್ತದೆ, ಅದನ್ನು ಬಿಚ್ಚಿದರೆ ಮಿತಿ ಹೋಯಿತು. ಅಲ್ಲಿಂದ ಮುಂದೆ ಗಾಳಿ ಅಡ್ಡ ನಿಲ್ಲುತ್ತದೆ. ವೇಗ ಎರಡುಪಟ್ಟಾದರೆ ಗಾಳಿ ಸೀಳಲು ಬೇಕಾದ ಶಕ್ತಿ ಎಂಟುಪಟ್ಟು. ಹಾಗಾಗಿ 250 ವಾಟಿನ ಜಾಗಕ್ಕೆ 1,000 ವಾಟಿನ ಮೋಟಾರು ಬರುತ್ತದೆ. ಚೌಕಟ್ಟು, ಫೋರ್ಕು, ಬ್ರೇಕು ಮಾತ್ರ ಹಳೆಯವೇ.

ಅವರು ರಿಪೇರಿಗೆ ಬಂದ ಒಂದು ಸೈಕಲ್ಲನ್ನು ತಿರುಗಿಸಿಟ್ಟು ಹಿಂದಿನ ಅಚ್ಚು ತೋರಿಸಿದರು. ಹಬ್ ಮೋಟಾರಿನ ಅಚ್ಚು ಪೂರ್ತಿ ದುಂಡಗಿಲ್ಲ. ಎರಡು ಪಕ್ಕ ಚಪ್ಪಟೆ ತಟ್ಟಿದ್ದಾರೆ, ಚೌಕಟ್ಟಿನ ಸೀಳಿನಲ್ಲಿ ಆ ಚಪ್ಪಟೆ ಭಾಗ ಬಿಗಿಯಾಗಿ ಕೂರಬೇಕು. ಮೋಟಾರು ಚಕ್ರವನ್ನು ಮುಂದಕ್ಕೆ ತಳ್ಳುವಾಗ ಅಷ್ಟೇ ಬಲದಲ್ಲಿ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ಮಾಮೂಲಿ ಸೈಕಲ್ಲಿನ ಸೀಳು ಈ ತಿರುಚುವ ಬಲಕ್ಕೆಂದು ಮಾಡಿದ್ದಲ್ಲ. ಇದರಲ್ಲಿ ಅಲ್ಯೂಮಿನಿಯಂ ಸೀಳಿನ ಬಾಯಿ ಅಗಲವಾಗಿ ತುಟಿ ಸವೆದಿತ್ತು. ಅಚ್ಚಿನ ಟೊಳ್ಳಿನೊಳಗಿಂದ ಹೊರಬರುವ ವೈರುಗಳ ಕಪ್ಪು ಹೊದಿಕೆ ಹಗ್ಗದಂತೆ ಹುರಿಗೊಂಡಿತ್ತು. ಇನ್ನೊಂದು ಸುತ್ತು ತಿರುಗಿದ್ದರೆ ವೈರು ತುಂಡಾಗಿ ಚಕ್ರವೇ ಕಳಚಿಬರಬಹುದಿತ್ತು.

“ಇದಕ್ಕೆ ಟಾರ್ಕ್ ಆರ್ಮ್ ಅಂತ ಒಂದು ಉಕ್ಕಿನ ಪಟ್ಟಿ ಬರುತ್ತೆ. ಅಚ್ಚನ್ನ ಚೌಕಟ್ಟಿಗೆ ಹಿಡಿದಿಡುತ್ತೆ. ಹಾಕಿಸ್ಕೊಳಪ್ಪ ಅಂದ್ರೆ, ‘ಅದೇನು ಬೇಡ ಬಿಡಿ ಅಂಕಲ್’ ಅಂತಾರೆ.”

“ಹಾಕಿಸದಿದ್ದರೆ ನೀವು ಕಿಟ್ ಕೂರಿಸ್ತೀರಾ ಯಜಮಾನ್ರೇ?”

“ಮುಂದಿನ ಚಕ್ರಕ್ಕೆ ದೊಡ್ಡ ಮೋಟಾರು ನಾನು ಹಾಕಲ್ಲ ಸಾರ್. ಹಿಂದಿನದು ಕಳಚಿದ್ರೆ ಕುಂಡಿ ತರಚುತ್ತೆ. ಮುಂದಿನದು ಕಳಚಿದ್ರೆ ಮುಖ.”

ಅಂಗಡಿಯಲ್ಲೇ ಕೂತು ನಿಲ್ಲುವ ದೂರದ ಲೆಕ್ಕವನ್ನೂ ಮಾಡಿದೆವು. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ಎಂದುಕೊಳ್ಳಿ. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ. 25ರಲ್ಲಿ ಪೂರ್ತಿ ನಿಲ್ಲಲು ಸುಮಾರು 12 ಮೀಟರ್ ಬೇಕು. 50ರಲ್ಲಿ 33 ಮೀಟರ್. ಇದಕ್ಕಿಂತ ಗಟ್ಟಿಯಾಗಿ ಮುಂದಿನ ಬ್ರೇಕ್ ಹಿಡಿದರೆ ಸೈಕಲ್ ಹಿಂದಿನ ಚಕ್ರ ಎತ್ತಿ ಸವಾರನನ್ನೇ ಮುಂದಕ್ಕೆ ಎಸೆಯುತ್ತದೆ, ಏಕೆಂದರೆ ಅದು ಗಿಡ್ಡ, ಹಗುರ, ಸವಾರ ಕೂರುವುದು ಎತ್ತರದಲ್ಲಿ. ಡಿಸ್ಕ್ ಬ್ರೇಕಿನ ರೋಟರು ದೊಡ್ಡದು ಹಾಕಿಸಿದರೂ ಈ ಮಿತಿ ಹಾಗೇ ಉಳಿಯುತ್ತದೆ. ಹಾಲಿನ ಬೂತಿನ ಅಜ್ಜಿ ಇದ್ದದ್ದು 30 ಮೀಟರಿನಲ್ಲಿ ಎಂದು ನೆನಪಿರಲಿ.

ರಿಂಗ್ ರೋಡಿನವರ ವಾದ

ವೇಗದ ಸೈಕಲ್ಲಿನವರಿಗೂ ಒಂದು ವಾದವಿದೆ, ಕೇಳಿಸಿಕೊಳ್ಳಬೇಕಾದ್ದೇ. ಪಾಪರೆಡ್ಡಿಪಾಳ್ಯ ದಾಟಿ ಬಿಡಿಎ ಕಾಂಪ್ಲೆಕ್ಸ್ ಕಡೆ ಹೋಗುವ ಮುಖ್ಯ ರಸ್ತೆಯ ಅಂಚಿನಲ್ಲಿ ನಿಂತರೆ ಅದು ಅರ್ಥವಾಗುತ್ತದೆ. ಇಲ್ಲಿ ಸೈಕಲ್ ಪಥವಿಲ್ಲ. 2020ರಲ್ಲಿ ಇದೇ ಹೊರವರ್ತುಲ ರಸ್ತೆಯ ಪೂರ್ವ ಭಾಗದಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ, ನಗರ ಭೂ ಸಾರಿಗೆ ನಿರ್ದೇಶನಾಲಯ ಕಂಬ ನೆಟ್ಟು ಸೈಕಲ್ಲಿಗೊಂದು ಪಥ ಬಿಡಿಸಿತ್ತು. ಪಶ್ಚಿಮಕ್ಕೆ ಆ ಭಾಗ್ಯ ಬರಲಿಲ್ಲ. “20ರಲ್ಲಿ ಹೋದರೆ ಲಾರಿಗಳು ಮೈಗೆ ಸವರಿಕೊಂಡೇ ಹೋಗುತ್ತವೆ. 45ರಲ್ಲಿ ಹೋದರೆ ಅವುಗಳ ಜೊತೆಗೇ ಹೋಗುತ್ತೇನೆ, ಯಾರೂ ನನ್ನನ್ನು ಹಿಂದಿಕ್ಕಬೇಕಿಲ್ಲ” ಎಂಬುದು ಈ ಸವಾರರ ಮಾತು.

ಅರ್ಧ ಸತ್ಯ ಇದರಲ್ಲಿದೆ. ಒಂದೇ ರಸ್ತೆಯಲ್ಲಿ ವೇಗದ ಅಂತರ ಹೆಚ್ಚಿದಷ್ಟೂ ಅಪಾಯ ಹೆಚ್ಚು. ನೈಸ್ ರಸ್ತೆಯಲ್ಲಿ 2022ರ ಜನವರಿಯಿಂದ ರಾತ್ರಿ ಹೊತ್ತು ದ್ವಿಚಕ್ರ ವಾಹನಗಳನ್ನು ತಡೆದದ್ದು, ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಹೊರಗಿಟ್ಟದ್ದು, ಎರಡರ ಹಿಂದೆಯೂ ಈ ತರ್ಕವಿದೆ. ಉಳಿದರ್ಧ ಸತ್ಯ ವರ್ತುಲ ರಸ್ತೆಯ ಅಂಡರ್‌ಪಾಸಿನಲ್ಲಿದೆ. ಬಿಸಿಲಿನಿಂದ ಒಮ್ಮೆಲೇ ನೆರಳಿಗೆ ಇಳಿದಾಗ ಹಿಂದಿನ ಲಾರಿಯವನಿಗೆ ನಂಬರ್ ಪ್ಲೇಟಾಗಲಿ ಬ್ರೇಕ್ ಲೈಟಾಗಲಿ ಇಲ್ಲದ ಈ ತೆಳು ಆಕೃತಿ ಕಾಣುವುದೇ ತಡ. ಪಕ್ಕಕ್ಕೆ ಸರಿಯೋಣವೆಂದರೆ ಗೋಡೆ. ನೀರಿನಡಿಯ ಗುಂಡಿಯನ್ನು ಬೈಕಿನ ದಪ್ಪ ಟೈರು ನುಂಗಿಕೊಳ್ಳುತ್ತದೆ, ಸೈಕಲ್ಲಿನ ರಿಮ್ಮು ನುಂಗುವುದಿಲ್ಲ. ಲಾರಿಯ ಜೊತೆ ಸರಿಸಮ ಓಡಬಹುದು, ಲಾರಿ ನಿಂತಾಗ ಅದರ ಹಿಂದೆ ನಿಲ್ಲಲೂ ಬರಬೇಕು.

ಮುಂದಿನ ದಿನಗಳು ಇನ್ನೂ ಇಕ್ಕಟ್ಟು. ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ಇದೇ ವರ್ತುಲ ರಸ್ತೆ ಹಿಡಿದು ಹೋಗುವ ಮೂರನೇ ಹಂತದ ಮೆಟ್ರೊಗೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ನಾಗರಬಾವಿ ವೃತ್ತ, ವಿನಾಯಕ ಲೇಔಟ್, ಪಾಪರೆಡ್ಡಿಪಾಳ್ಯ, ಬಿಡಿಎ ಕಾಂಪ್ಲೆಕ್ಸ್ ಎಲ್ಲವೂ ನಿಲ್ದಾಣಗಳಾಗಲಿವೆ. ಕಂಬ ಏಳುವ ವರ್ಷಗಳಲ್ಲಿ ತಗಡಿನ ಬ್ಯಾರಿಕೇಡಿನ ಪಕ್ಕ ರಸ್ತೆ ಎಷ್ಟು ಉಳಿಯುತ್ತದೆ ಎಂಬುದನ್ನು ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕಾನೂನು ಶಾಲೆಯ ಗೇಟಿನ ಮುಂದೆ

ವೃತ್ತಕ್ಕೆ ವಾಪಸು ಬಂದು ಜ್ಞಾನಭಾರತಿ ರಸ್ತೆ ಹಿಡಿದರೆ ರಾಷ್ಟ್ರೀಯ ಕಾನೂನು ಶಾಲೆ. ಅದರ ಮುಂದೆ ನಿಂತು ಕಾನೂನು ಮಾತಾಡದಿದ್ದರೆ ಹೇಗೆ?

ಬ್ಯಾಟರಿ ಸೈಕಲ್ಲಿಗೆ ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಅಂಟಿದ ಷರತ್ತುಗಳು ಬಾಯಿಗೆ ಬರುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ಹೇಳುವುದು ಇಷ್ಟು: ಮೋಟಾರಿನ ಅರ್ಧ ಗಂಟೆಯ ಶಕ್ತಿ 0.25 ಕಿಲೋವಾಟ್, ಅಂದರೆ 250 ವಾಟಿಗಿಂತ ಕಡಿಮೆಯಿರಬೇಕು. ವೇಗ 25 ಕಿ.ಮೀ. ಮೀರಬಾರದು. ಪೆಡಲ್ ತುಳಿದಾಗ ನೆರವಾಗುವ ಮಾದರಿಯಾದರೆ ಆ ವೇಗ ಬರುತ್ತಿದ್ದಂತೆ ಮೋಟಾರಿನ ನೆರವು ಇಳಿದು ನಿಲ್ಲಬೇಕು. ಬ್ಯಾಟರಿ ಬಿಟ್ಟು ತೂಕ 60 ಕಿಲೋ ದಾಟಬಾರದು. ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಇದೆಲ್ಲ ಸರಿಯಿದೆಯೆಂದು ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆ ದೃಢಪಡಿಸಿರಬೇಕು.

ಇವುಗಳಲ್ಲೊಂದು ತಪ್ಪಿದರೂ ಅದು ಸೈಕಲ್ಲಲ್ಲ, ಮೋಟಾರು ವಾಹನ. ಆಗ ಲೈಸೆನ್ಸ್, ಐಎಸ್‌ಐ ಹೆಲ್ಮೆಟ್, ವಿಮೆ, ಈ ಭಾಗದವರಿಗಾದರೆ ಜ್ಞಾನಭಾರತಿ ಆರ್‌ಟಿಒದ ಕೆಎ 41 ನಂಬರು, ಎಲ್ಲವೂ ಬೇಕು. ಆದರೆ ಅಂಗಡಿಯಲ್ಲಿ ಕಿಟ್ ಕೂರಿಸಿದ ಸೈಕಲ್ಲಿಗೆ ಮಾದರಿ ಅನುಮೋದನೆಯೇ ಇಲ್ಲ, ನಂಬರು ಸಿಗುವ ಮಾತು ದೂರ. ಮೋಟಾರು ವಾಹನ ಕಾಯ್ದೆಯ ಪ್ರಕಾರ ರಿಜಿಸ್ಟ್ರೇಷನ್ ಇಲ್ಲದೆ ಓಡಿಸಿದರೆ 5,000 ರೂಪಾಯಿವರೆಗೆ ದಂಡ, ಲೈಸೆನ್ಸ್ ಇಲ್ಲದಿದ್ದರೆ 5,000, ವಿಮೆ ಇಲ್ಲದಿದ್ದರೆ 2,000. ಓಡಿಸಿದವನು ಅಪ್ರಾಪ್ತನಾದರೆ 2019ರ ತಿದ್ದುಪಡಿಯಲ್ಲಿ ಅದಕ್ಕೆ ಸೇರಿದ ಸೆಕ್ಷನ್ 199ಎ ಪ್ರಕಾರ ಪೋಷಕರಿಗೋ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ದಂಡಕ್ಕಿಂತ ಭಾರವಾದದ್ದು ಪರಿಹಾರ. ವಿಮೆಯಿಲ್ಲದ ವಾಹನ ಯಾರಿಗಾದರೂ ಗುದ್ದಿ ಅವರ ಸೊಂಟದ ಮೂಳೆ ಮುರಿದರೆ ಆಸ್ಪತ್ರೆಯ ಬಿಲ್ಲಿನಿಂದ ಹಿಡಿದು ನ್ಯಾಯಮಂಡಳಿ ಹೇಳಿದ ಕೊನೆಯ ರೂಪಾಯಿವರೆಗೆ ಕೊಡಬೇಕಾದವರು ಮಾಲೀಕರೇ. ಇದು ನಮ್ಮಲ್ಲಿ ಮಾತ್ರ ಇರುವ ಕಟ್ಟುಪಾಡಲ್ಲ. ಸೈಕಲ್ಲಿನ ನಾಡಾದ ನೆದರ್ಲೆಂಡ್ಸ್ ಕೂಡ 45 ಕಿ.ಮೀ. ವೇಗದ ಎಲೆಕ್ಟ್ರಿಕ್ ಸೈಕಲ್ಲನ್ನು 2017ರಿಂದ ಮೊಪೆಡ್ ಸಾಲಿಗೆ ಸೇರಿಸಿ ನಂಬರು, ವಿಮೆ, ಹೆಲ್ಮೆಟ್ ಕಡ್ಡಾಯ ಮಾಡಿದೆ. ಮಾಮೂಲಿಯದಕ್ಕೆ ಅಲ್ಲೂ ಮಿತಿ 25, ಮೋಟಾರು 250 ವಾಟು.

ಮರದ ನೆರಳಿನ ರಸ್ತೆ

ಐಸೆಕ್ ಸಂಶೋಧನಾ ಸಂಸ್ಥೆ ದಾಟಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣಕ್ಕೆ ಬಂದರೆ ಬಿಸಿಲೇ ಕಡಿಮೆ. ಸಾವಿರ ಎಕರೆಗೂ ಮಿಕ್ಕ ಜಾಗ, ಎರಡೂ ಬದಿ ಮರ, ಉದ್ದನೆಯ ರಸ್ತೆಗಳು. ಬೆಳಗಿನ ಹೊತ್ತು ವಾಕಿಂಗಿನವರು, ಓಟದವರು, ರೇಸ್ ಸೈಕಲ್ಲಿನವರು, ನವಿಲು, ಎಲ್ಲರಿಗೂ ಇದೇ ಜಾಗ. ಹೊಸ ಕಿಟ್ಟಿನ ವೇಗ ನೋಡಲು ಹುಡುಗರು ಬರುವುದೂ ಇಲ್ಲಿಗೇ. ಖಾಲಿ ಕಾಣುವ ರಸ್ತೆ ಅವರನ್ನು ಕರೆಯುತ್ತದೆ.

ಈ ರಸ್ತೆಗಳು ಖಾಲಿಯಲ್ಲ. ಮೈಸೂರು ರಸ್ತೆಯಿಂದ ನಾಗರಬಾವಿ, ಉಲ್ಲಾಳ, ಮಲ್ಲತ್ತಹಳ್ಳಿಗೆ ಹೋಗುವವರಿಗೆಲ್ಲ ಕ್ಯಾಂಪಸ್ಸೇ ಅಡ್ಡದಾರಿ. 2022ರ ಅಕ್ಟೋಬರಿನಲ್ಲಿ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬರು ಬಸ್ಸಿನಡಿ ಸಿಲುಕಿ ಕೆಲವು ದಿನಗಳ ಬಳಿಕ ತೀರಿಕೊಂಡರು. ಹೊರಗಿನ ವಾಹನಗಳನ್ನು ನಿಲ್ಲಿಸಿ ಎಂದು ವಿದ್ಯಾರ್ಥಿಗಳು ಆಗ ರಸ್ತೆಗಿಳಿದು ಪ್ರತಿಭಟಿಸಿದ್ದರು. ಅಂಥ ಜಾಗದಲ್ಲಿ ಸದ್ದಿಲ್ಲದ, 50ರ ವೇಗದ ಇನ್ನೊಂದು ವಾಹನವನ್ನು ಪ್ರಯೋಗಕ್ಕೆ ಬಿಡುವುದು ಬೇಜವಾಬ್ದಾರಿ. ಇಯರ್‌ಫೋನ್ ಹಾಕಿಕೊಂಡು ನಡೆಯುವ ವಿದ್ಯಾರ್ಥಿಗೆ ಬಸ್ಸಿನ ಸದ್ದಾದರೂ ಕೇಳಿಸೀತು.

ಅಲ್ಲಿ ಕಂಡ ಸವಾರರಲ್ಲಿ ಬಹುತೇಕರ ತಲೆಯ ಮೇಲೆ ಹೆಲ್ಮೆಟ್ ಇತ್ತು, ಸಂತೋಷ. ಆದರೆ ಅದು ಸೈಕಲ್ ಹೆಲ್ಮೆಟ್. ಇಎನ್ 1078 ಎಂಬ ಯುರೋಪಿನ ಮಾನದಂಡದಲ್ಲಿ ಅಂಥ ಹೆಲ್ಮೆಟನ್ನು ಚಪ್ಪಟೆ ಉಕ್ಕಿನ ಮೇಲೆ ಬೀಳಿಸಿ ನೋಡುವುದು ಒಂದೂವರೆ ಮೀಟರ್ ಎತ್ತರದಿಂದ, ಅಂದರೆ ಗಂಟೆಗೆ ಇಪ್ಪತ್ತು ಕಿ.ಮೀ.ಗೂ ಕಡಿಮೆ ವೇಗದ ಏಟಿಗೆ. 50ರಲ್ಲಿ ಗೋಡೆಗೆ ಗುದ್ದುವುದು ಸುಮಾರು ಹತ್ತು ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮ. ಮೂರು ಮಹಡಿಯ ಮನೆಯ ತಾರಸಿಯಿಂದ ಬಿದ್ದ ಹಾಗೆ.

ಮನೆಗೆ ಹೋದ ಮೇಲೂ

ಅಪಾಯ ರಸ್ತೆಯಲ್ಲೇ ಮುಗಿಯುವುದಿಲ್ಲ. ನಾಗರಬಾವಿಯ ಬಾಡಿಗೆ ಮನೆಗಳಲ್ಲಿ ಬ್ಯಾಟರಿ ಚಾರ್ಜಿಗೆ ಹಾಕುವುದು ಸಾಮಾನ್ಯವಾಗಿ ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡಿನ ಪಕ್ಕ. ಬೆಂಕಿ ಹೊತ್ತಿದರೆ ಮೇಲಿನವರಿಗೆ ಇಳಿಯಲು ಇರುವುದು ಅದೊಂದೇ ದಾರಿ. 2022ರಲ್ಲಿ ಸ್ಕೂಟರುಗಳಿಗೆ ಬೆಂಕಿ ಬಿದ್ದ ಬಳಿಕ ಬ್ಯಾಟರಿ ಸುರಕ್ಷತೆಯ ಎಐಎಸ್ 156 ಮಾನದಂಡವನ್ನು ಅದೇ ಡಿಸೆಂಬರಿನಿಂದ ಹಂತಹಂತವಾಗಿ ಬಿಗಿ ಮಾಡಿದರು. ಮನೆಯಲ್ಲಿ ಬೆಸುಗೆ ಹಾಕಿ ಕಟ್ಟಿದ ಪ್ಯಾಕಿಗೆ ಅಂಥ ಯಾವ ಪರೀಕ್ಷೆಯೂ ಇಲ್ಲ. 48 ವೋಲ್ಟಿನ ಲಿಥಿಯಂ ಪ್ಯಾಕು ತುಂಬಿದಾಗ 54.6 ವೋಲ್ಟ್ ಮುಟ್ಟುತ್ತದೆ. ಅದಕ್ಕೆಂದೇ ಮಾಡಿದ ಚಾರ್ಜರ್ ಬಿಟ್ಟು ಇನ್ಯಾವುದನ್ನೂ ಚುಚ್ಚಬಾರದು.

25ರ ಮಿತಿಯೊಳಗಿನ ಬ್ಯಾಟರಿ ಸೈಕಲ್ ಒಳ್ಳೆಯ ವಾಹನ, ಈ ಬಡಾವಣೆಗೆ ಹೇಳಿ ಮಾಡಿಸಿದ್ದು. ಅದನ್ನು ಓಡಿಸುವವರು ಸರ್ವೀಸ್ ರಸ್ತೆಯಲ್ಲಿ, ಶಾಲೆಯ ಮುಂದೆ, ತರಕಾರಿ ಗಾಡಿಗಳ ಬಳಿ 15ಕ್ಕೆ ಇಳಿಸಲಿ. ನಿಂತ ಕಾರುಗಳಿಂದ ಬಾಗಿಲಿನಷ್ಟು ದೂರವಿರಲಿ. ಹಗಲಲ್ಲೂ ಲೈಟು, ಕೈಗೆಟಕುವಂತೆ ಬೆಲ್ಲು ಇರಲಿ. ವಾರಕ್ಕೊಮ್ಮೆ ಹಿಂದಿನ ಅಚ್ಚಿನ ನಟ್ಟು, ಸ್ಪೋಕ್ಸು, ಬ್ರೇಕ್ ಪ್ಯಾಡು ಮುಟ್ಟಿ ನೋಡಿ. ಮೊದಲ ಮಳೆಯ ದಿನ ರಸ್ತೆಯ ಎಣ್ಣೆ ಮೇಲೆದ್ದಿರುತ್ತದೆ, ಅಂದು ಬಸ್ಸೇ ವಾಸಿ.

50 ಬೇಕೆನ್ನುವವರಿಗೆ ಸಲಹೆ ಚಿಕ್ಕದು. ನಂಬರು, ವಿಮೆ, ಸರಿಯಾದ ಬ್ರೇಕು, ದಪ್ಪ ಟೈರು ಎಲ್ಲವೂ ಇರುವ ಎಲೆಕ್ಟ್ರಿಕ್ ಸ್ಕೂಟರ್ ಅಂಗಡಿಯಲ್ಲಿ ಸಿಗುತ್ತದೆ, ಕೊಳ್ಳಿ. ಅದು ಬರುವುದನ್ನು ಕಂಡವರಿಗೆ ಅದು ಏನೆಂದು ಗೊತ್ತಾಗುತ್ತದೆ. ಮಗನಿಗೆ ಕಿಟ್ ಕೊಡಿಸಲು ಹೊರಟ ತಂದೆತಾಯಿ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ: ಮೋಟಾರು ಎಷ್ಟು ವಾಟು, ಮಿತಿ 25ಕ್ಕೆ ನಿಲ್ಲುತ್ತದೆಯೇ, ಪರೀಕ್ಷಾ ಸಂಸ್ಥೆಯ ಪತ್ರ ಎಲ್ಲಿ? ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ದುಡ್ಡು ಜೇಬಿಗೆ ಹಾಕಿಕೊಂಡು ಮನೆಗೆ ಬನ್ನಿ.